ಹಾಡಿ ಹಂಚಿದ ಸಂತೋಷ: ಕನ್ನಡ ನಾಡಿನ ಬಾಸೆಲ್ ಮಿಷನ್ ಸಭೆಗಳ ಸಂಗೀತ ಪರಂಪರೆ

1834ರ ಅಕ್ಟೋಬರ್ 30ರಂದು ಸಾಮುವೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್, ಕ್ರಿಸ್ಟಿಯನ್ ಲಿಯೊನಾರ್ಡ್ ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಹಿಂದಿನ ವರ್ಷವಷ್ಟೇ ಈಸ್ಟ್ ಇಂಡಿಯಾ ಕಂಪೆನಿಯ ಸನದು ನವೀಕರಣಗೊಂಡು, ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿ ಕೆಲಸ ಮಾಡಲು ದಾರಿ ತೆರೆದಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಆ ದಾರಿಯಲ್ಲಿ ಕರಾವಳಿಗೆ ಕಾಲಿಟ್ಟಿತು. ಅದು ನಾಡಿಗೆ ಕೊಟ್ಟ ಶಾಲೆ, ಮುದ್ರಣಾಲಯ, ಪತ್ರಿಕೆ, ನಿಘಂಟು, ನೇಯ್ಗೆ, ಹೆಂಚುಗಳ ಬಗ್ಗೆ ವಿದ್ವಾಂಸರು ಬಹಳ ಬರೆದಿದ್ದಾರೆ. ಅವುಗಳ ನಡುವೆ ಬೆಳೆದು ಇಂದಿಗೂ ಪ್ರತಿ ಭಾನುವಾರ ಜೀವಂತವಾಗಿರುವ ಇನ್ನೊಂದು ಕೊಡುಗೆಗೆ ಚರಿತ್ರೆಯಲ್ಲಿ ಸಿಕ್ಕ ಜಾಗ ಕಡಿಮೆ. ಅದು, ಇಡೀ ಸಭೆ ಒಟ್ಟಾಗಿ ಹಾಡುವ ರೂಢಿ.

ಈ ಸ್ಮರಣ ಸಂಚಿಕೆಗಾಗಿ ಆ ರೂಢಿಯ ಚರಿತ್ರೆಯನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತ ಮಾತು ಒಂದೇ. ಬೇರೆ ಬೇರೆ ಜಾತಿ, ಭಾಷೆ, ಊರುಗಳಿಂದ ಬಂದವರನ್ನು ಒಂದು ಕುಟುಂಬವಾಗಿ ಕಟ್ಟಿದ್ದರಲ್ಲಿ ಉಪದೇಶದಷ್ಟೇ ಪಾಲು ಹಾಡಿಗೂ ಇದೆ. ಆ ಹಾಡು ಒಬ್ಬರು ಕೊಟ್ಟು ಇನ್ನೊಬ್ಬರು ಪಡೆದದ್ದಾಗಿ ಉಳಿಯಲಿಲ್ಲ. ಕಲಿಸಲು ಬಂದವರೂ ಇಲ್ಲಿ ಕುಳಿತು ಕಲಿತರು. ಹೀಗೆ ಕೊಟ್ಟು ಕೊಂಡದ್ದರಿಂದಲೇ ಅದರ ಸಂತೋಷ ಇಷ್ಟು ಕಾಲ ಬಾಳಿದೆ.

ಸತ್ಯವೇದದ ಹಾಡುಗಾರರು

ಹಾಡುವುದು ಕ್ರೈಸ್ತರಿಗೆ ಆರಾಧನೆಯ ಅಲಂಕಾರವಲ್ಲ, ಆರಾಧನೆಯ ಅಂಗ. ದೇವರ ಆಲಯದ ಸೇವೆಗೆ ದಾವೀದನು ಗೊತ್ತುಮಾಡಿದ ಗಾಯಕರು 288 ಮಂದಿ ಎಂದು ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥ ಲೆಕ್ಕ ಕೊಡುತ್ತದೆ. ಅವರ ಸರದಿಯನ್ನು ಚೀಟು ಹಾಕಿ ನಿರ್ಣಯಿಸಿದರು. ಗುರು ಯಾರು, ಶಿಷ್ಯ ಯಾರು, ಹಿರಿಯ ಯಾರು, ಕಿರಿಯ ಯಾರು ಎಂದು ನೋಡಲಿಲ್ಲ. ದೇವರ ಮುಂದೆ ಹಾಡಲು ನಿಂತಾಗ ಪಂಕ್ತಿಭೇದವಿಲ್ಲ ಎಂಬ ತತ್ತ್ವ ಅಷ್ಟು ಹಳೆಯದು.

ಪಸ್ಕದ ಊಟ ಮುಗಿಸಿದ ಯೇಸು ಮತ್ತು ಶಿಷ್ಯರು ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟರೆಂದು ಮತ್ತಾಯನು ಬರೆಯುತ್ತಾನೆ. ಮುಂದಿದ್ದದ್ದು ಬಂಧನ, ಶಿಲುಬೆ. ಆ ರಾತ್ರಿಯೂ ಅವರು ಹಾಡನ್ನು ಬಿಡಲಿಲ್ಲ. ಫಿಲಿಪ್ಪಿಯ ಸೆರೆಮನೆಯಲ್ಲಿ ಕಾಲಿಗೆ ಕೋಳ ಬಿಗಿಸಿಕೊಂಡ ಪೌಲನೂ ಸೀಲನೂ ಮಧ್ಯರಾತ್ರಿ ಹಾಡಿದಾಗ ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು ಎಂಬ ವಿವರ ಅಪೊಸ್ತಲರ ಕೃತ್ಯಗಳಲ್ಲಿದೆ. ಅದೇ ಪೌಲನು ಕೊಲೊಸ್ಸೆಯವರಿಗೂ ಎಫೆಸದವರಿಗೂ ಬರೆದ ಪತ್ರಗಳಲ್ಲಿ ಹಾಡಿಗೆ ಎರಡು ದಿಕ್ಕು ತೋರಿಸುತ್ತಾನೆ: ಹಾಡು ದೇವರಿಗೆ ಸಲ್ಲುತ್ತದೆ, ಹಾಗೆಯೇ ವಿಶ್ವಾಸಿಗಳು ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳುವುದೂ ಹಾಡಿನಿಂದಲೇ. ನಮ್ಮ ಸಭೆಗಳ ಹಾಡುಗಾರಿಕೆ ನಿಂತಿರುವುದು ಈ ಎರಡು ದಿಕ್ಕುಗಳು ಕೂಡುವ ಜಾಗದಲ್ಲಿ.

ಮೊದಲ ಶತಮಾನಗಳ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಕ್ರಿ.ಶ. 112ರ ಸುಮಾರಿಗೆ ಬಿಥುನ್ಯ ಪ್ರಾಂತದ ಅಧಿಪತಿ ಪ್ಲೀನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ, ಈ ಜನ ಬೆಳಗಾಗುವ ಮುನ್ನ ಕೂಡಿ ಕ್ರಿಸ್ತನಿಗೆ ಸರದಿಯ ಮೇಲೆ ಹಾಡು ಹೇಳುತ್ತಾರೆಂದು ವರದಿ ಮಾಡಿದ. 386ರಲ್ಲಿ ಮಿಲಾನಿನಲ್ಲಿ ರಾಜಮಾತೆ ಯುಸ್ತಿನಾಳ ಕಡೆಯಿಂದ ಕಿರುಕುಳ ಬಂದಾಗ ಬಿಷಪ್ ಅಂಬ್ರೋಸ್‌ರೊಡನೆ ಜನ ರಾತ್ರಿಯಿಡೀ ದೇವಾಲಯದಲ್ಲಿ ಉಳಿದರು. ದುಃಖದಿಂದ ಅವರು ಕುಗ್ಗದಿರಲೆಂದು ಪೂರ್ವದೇಶದ ಸಭೆಗಳ ರೀತಿಯಲ್ಲಿ ಹಾಡುವುದನ್ನು ಅಲ್ಲಿ ಆರಂಭಿಸಿದರೆಂದು ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ನೆನೆಯುತ್ತಾನೆ.

ಬಾಸೆಲ್‌ನಿಂದ ಬಂದ ಸ್ವರ

ಮಧ್ಯಯುಗದ ಯುರೋಪಿನಲ್ಲಿ ಹಾಡು ಬಹುಮಟ್ಟಿಗೆ ಪಾದ್ರಿಗಳ, ಸನ್ಯಾಸಿಗಳ, ತರಬೇತಿ ಪಡೆದ ಗಾಯಕರ ಪಾಲಾಗಿತ್ತು, ಅದೂ ಲ್ಯಾಟಿನ್ ಭಾಷೆಯಲ್ಲಿ. ಮಾರ್ಟಿನ್ ಲೂಥರ್ ಅದನ್ನು ಜನರ ಬಾಯಿಗೆ ಮರಳಿಸಿದರು. 1524ರಲ್ಲಿ ಬಂದ ಮೊದಲ ಲೂಥರನ್ ಹಾಡಿನ ಪುಸ್ತಕದಲ್ಲಿ ಇದ್ದದ್ದು ಬರೀ ಎಂಟು ಹಾಡು. ಅವುಗಳಲ್ಲಿ ನಾಲ್ಕು ಲೂಥರ್ ಬರೆದವು. ಅದೇ ವರ್ಷ ಯೋಹಾನ್ ವಾಲ್ಟರ್ ಹಲವು ಸ್ವರಗಳಲ್ಲಿ ಹಾಡುವಂಥ ಪುಸ್ತಕವನ್ನು ಪ್ರಕಟಿಸಿದರು. ಯುವಕರು ಒಳ್ಳೆಯ ಹಾಡು ಕಲಿಯಲೆಂಬ ಆಸೆಯಿಂದ ಲೂಥರ್ ಅದಕ್ಕೆ ಮುನ್ನುಡಿ ಬರೆದರು.

ಬಾಸೆಲ್ ಮಿಷನ್ನಿಗೆ ಬಂದ ಯುವಕರಲ್ಲಿ ಬಹುಪಾಲು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದವರು. ರೈತರ, ಕುಶಲಕರ್ಮಿಗಳ ಮಕ್ಕಳು. ಅಲ್ಲಿನ ಪಯಟಿಸ್ಟ್ ಭಕ್ತಪಂಥದವರು ಭಾನುವಾರದ ಆರಾಧನೆಯ ಜೊತೆಗೆ ಮನೆಮನೆಗಳಲ್ಲಿ ಕೂಡಿ ವೇದ ಓದಿ, ಪ್ರಾರ್ಥಿಸಿ, ಹಾಡುತ್ತಿದ್ದರು. ಹಾಗಾಗಿ ಕರಾವಳಿಗೆ ಬಂದ ಈ ಮಿಷನರಿಗಳಿಗೆ ಹಾಡು ಕಲಿಯಬೇಕಾದ ವಿದ್ಯೆಯಾಗಿರಲಿಲ್ಲ, ಬಾಲ್ಯದಿಂದ ಬಂದ ಅಭ್ಯಾಸವಾಗಿತ್ತು. ಸಣ್ಣ ಸಣ್ಣ ಗುಂಪುಗಳಲ್ಲಿ, ಮನೆಯ ಚಾವಡಿಯಲ್ಲಿ ಕೂಡಿ ಹಾಡುವ ಕ್ರಮ ನಮ್ಮ ಸಭೆಗಳಲ್ಲಿ ಬೇಗ ಬೇರುಬಿಡಲು ಇದೂ ಒಂದು ಕಾರಣ. ಭಜನೆಗೆ ಕೂಡುವುದು ಗೊತ್ತಿದ್ದ ಈ ನೆಲಕ್ಕೆ ಅದು ಅಪರಿಚಿತವೂ ಆಗಿರಲಿಲ್ಲ.

ದಾಸರ ಪದಗಳಿಗೆ ಕಿವಿಗೊಟ್ಟವರು

1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಎಂದೊಡನೆ ನಮಗೆ ನೆನಪಾಗುವುದು 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’. ಕಲ್ಲಚ್ಚಿನಲ್ಲಿ ಮುದ್ರಣವಾದ ಆ ಹಾಳೆ ಕನ್ನಡದ ಮೊದಲ ಪತ್ರಿಕೆ. ಸಂಗೀತದ ಚರಿತ್ರೆಯಲ್ಲಿಯೂ ಮೋಗ್ಲಿಂಗರಿಗೆ ದೊಡ್ಡ ಸ್ಥಾನವಿದೆ. ನಿವೃತ್ತ ಆಂಗ್ಲ ಅಧಿಕಾರಿ ಕಾಸಾಮೇಜರ್ ಅವರ ಧನಸಹಾಯದಿಂದ ಮೋಗ್ಲಿಂಗ್ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯನ್ನು ಹೊರತಂದರು. ‘ಜೈಮಿನಿ ಭಾರತ’, ‘ಬಸವಪುರಾಣ’, ‘ಚೆನ್ನಬಸವಪುರಾಣ’ಗಳ ಸಾಲಿನಲ್ಲಿ 1850ರಲ್ಲಿ ದಾಸರ ಪದಗಳ ಸಂಗ್ರಹವೂ ಬಂತು. ಆವರೆಗೆ ಭಜನಾ ಗೋಷ್ಠಿಗಳಲ್ಲಿ, ಭಕ್ತರ ನಾಲಿಗೆಯಲ್ಲಿ, ತಾಳೆಗರಿಗಳಲ್ಲಿ ಇದ್ದ ಹರಿದಾಸರ ಹಾಡುಗಳು ಅಚ್ಚಿನ ಪುಸ್ತಕವಾಗಿ ಜನರ ಕೈ ಸೇರಿದವು.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಯೇಸುವಿನ ಸುವಾರ್ತೆ ಸಾರಲು ಬಂದ ಒಬ್ಬ ಪಾದ್ರಿ ಪುರಂದರದಾಸರ, ಕನಕದಾಸರ ಹಾಡುಗಳನ್ನು ಅಕ್ಷರ ಅಕ್ಷರ ತಿದ್ದಿ ಅಚ್ಚಿಗೆ ಕಳಿಸುತ್ತಿದ್ದಾನೆ. ಜನರ ಮನಸ್ಸು ತಿಳಿಯಬೇಕು, ಭಾಷೆಯ ಒಳಗು ಹಿಡಿಯಬೇಕು ಎಂಬ ಮಿಷನರಿಯ ಉದ್ದೇಶ ಅದರ ಹಿಂದೆ ಇದ್ದದ್ದು ನಿಜ. ಆದರೆ ಇಷ್ಟು ಶ್ರಮ ಬರೀ ಉದ್ದೇಶದಿಂದ ಹುಟ್ಟುವುದಿಲ್ಲ. ಇನ್ನೊಬ್ಬರ ಭಕ್ತಿಯ ಹಾಡನ್ನು ಗೌರವದಿಂದ ಕೇಳುವ ಕಿವಿ ಬೇಕು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿದ್ದೂ ಈ ಕನ್ನಡ ಸೇವೆಯನ್ನು ಮೆಚ್ಚಿ.

ರಾಗಕ್ಕೆ ಮಾತು ಹೊಂದಿಸುವ ಕಷ್ಟ

ಜರ್ಮನ್ ರಾಗಕ್ಕೆ ಕನ್ನಡದ ಮಾತು ಹೊಂದಿಸುವುದು ಸುಲಭದ ಕೆಲಸವಾಗಿರಲಿಲ್ಲ. ಜರ್ಮನ್ ಪದ್ಯ ನಡೆಯುವುದು ಉಚ್ಚಾರಣೆಯ ಒತ್ತಿನ ಮೇಲೆ. ಕನ್ನಡ ಪದ್ಯ ನಡೆಯುವುದು ಲಘು–ಗುರುಗಳ ಮೇಲೆ, ಮಾತ್ರೆಯ ಲೆಕ್ಕದಲ್ಲಿ. ರಾಗದ ಉದ್ದ ಸ್ವರ ಹ್ರಸ್ವಾಕ್ಷರದ ಮೇಲೆ ಬಿದ್ದರೆ ‘ಮನ’ ಎಂದು ಹಾಡಿದ್ದು ‘ಮಾನ’ ಎಂದು ಕೇಳುತ್ತದೆ. ಕಿರಿದಾದ ಸ್ವರದಲ್ಲಿ ದೀರ್ಘಾಕ್ಷರ ತುರುಕಿದರೆ ಮಾತಿನ ಉಸಿರು ಕಟ್ಟುತ್ತದೆ. ಅನುವಾದದ ಹಳೆಯ ಗೀತೆಗಳನ್ನು ಹಾಡುವಾಗ ಇಂಥ ತೊಡಕಿನ ಜಾಗಗಳು ಇಂದಿಗೂ ಎದುರಾಗುತ್ತವೆ. ಅಜ್ಜಿಯರು ಅವನ್ನು ತಮ್ಮದೇ ರೀತಿಯಲ್ಲಿ ಎಳೆದು, ಬಾಗಿಸಿ, ಕನ್ನಡದ ನಾಲಿಗೆಗೆ ಒಗ್ಗಿಸಿ ನಮಗೆ ದಾಟಿಸಿದ್ದಾರೆ. ಪುಸ್ತಕದ ಸ್ವರಲಿಪಿಗೂ ಸಭೆಯ ಬಾಯಿಗೂ ನಡುವೆ ಕಾಣುವ ಈ ವ್ಯತ್ಯಾಸವೇ ನಮ್ಮ ಜನರ ಸ್ವಂತ ರಚನೆ.

ಈ ಕಷ್ಟದ ಬುಡಕ್ಕೆ ಇಳಿದವರು ಫರ್ಡಿನೆಂಡ್ ಕಿಟೆಲ್ (1832–1903). 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್, ಕನ್ನಡದಲ್ಲಿ ಹಾಡು ಬರೆಯಬೇಕಾದರೆ ಕನ್ನಡದ ಛಂದಸ್ಸನ್ನು ಕರಗತ ಮಾಡಿಕೊಳ್ಳಲೇಬೇಕೆಂದು ಕಂಡುಕೊಂಡರು. 1862ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ‘ಕಥಾಮಾಲೆ’ ಯೇಸುವಿನ ಜೀವನವನ್ನು ಈ ನೆಲದ ಪದ್ಯರೂಪದಲ್ಲಿ ಹೇಳಿತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನೂ ಸಂಪಾದಿಸಿದರು. 1894ರಲ್ಲಿ ಹೊರಬಂದ ಕನ್ನಡ–ಇಂಗ್ಲಿಷ್ ನಿಘಂಟು ಈ ದೀರ್ಘ ಶ್ರಮದ ಶಿಖರ. ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು. ಪದ್ಯ ಕಟ್ಟಿದ ಕಿಟೆಲ್ ನಮ್ಮ ಸಭೆಗಳಿಗೆ ಇನ್ನೂ ಹತ್ತಿರದವರು.

ತುಳುನಾಡಿನಲ್ಲಿ ಗ್ರೈನರ್ ಮತ್ತು ಅವರ ಜೊತೆಯ ಮಿಷನರಿ ಅಮ್ಮನ್ ಜನರಾಡುವ ಮಾತನ್ನೇ ಹಿಡಿದರು. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಮನೆಯಲ್ಲಿ, ಗದ್ದೆಯಲ್ಲಿ ಆಡುವ ಭಾಷೆ ದೇವರ ಆಲಯದಲ್ಲಿ ಓದುವ, ಹಾಡುವ ಭಾಷೆಯೂ ಆದದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಓದು ಬಾರದ ಹಿರಿಯರಿಗೂ ತುಳು ಗೀತೆಗಳು ಬಾಯಿಪಾಠವಾದವು; ಹಲವರಿಗೆ ಅವರ ಮೊದಲ ವೇದಪಾಠವೇ ಆ ಗೀತೆಗಳಾಗಿದ್ದವು.

ಮನೆ ಬಿಟ್ಟು ಬಂದವರ ಬಳಗ

ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದವರು ತೆತ್ತ ಬೆಲೆ ದೊಡ್ಡದು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯ ಬ್ರಾಹ್ಮಣ ಮನೆತನವನ್ನು ಬಿಟ್ಟು ಬಂದ ತರುಣ. ಬಾಸೆಲ್‌ಗೆ ಹೋಗಿ ದೇವಶಾಸ್ತ್ರ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಊರಿಗೆ ಮರಳಿ ಸೇವೆ ಮಾಡಿದರು. ಅವರಂತೆಯೇ ಬಿಲ್ಲವರು, ಇತರ ಜಾತಿಗಳವರು ಕುಟುಂಬದಿಂದ, ಕಸುಬಿನಿಂದ, ಕೂಡಿ ಉಣ್ಣುವ ಪಂಕ್ತಿಯಿಂದ ಹೊರಬಿದ್ದರು. ಅವರ ಜೀವನೋಪಾಯಕ್ಕೆಂದು ಮಿಷನ್ ನೇಯ್ಗೆಯ ಕೆಲಸ ಆರಂಭಿಸಿತು; 1865ರಲ್ಲಿ ಜೆಪ್ಪುವಿನಲ್ಲಿ ಗೇಯಾರ್ಗ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು.

ಕೈಗೆ ಕೆಲಸ ಸಿಕ್ಕಿತು. ಕಳೆದುಹೋದ ಬಂಧುಬಳಗ? ಅದನ್ನು ತುಂಬಿಕೊಟ್ಟದ್ದು ಸಭೆ. ನಿನ್ನೆಯವರೆಗೆ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟದವರು ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಪುಸ್ತಕ ಹಿಡಿದು, ಒಂದೇ ಸಾಲಿನ ಕೊನೆಯಲ್ಲಿ ಒಟ್ಟಿಗೆ ಉಸಿರು ತೆಗೆದುಕೊಂಡರು. ಸಮಾನತೆಯ ಬಗ್ಗೆ ನೂರು ಉಪದೇಶ ಕೇಳಿದರೂ ಮನಸ್ಸು ಹಿಂಜರಿಯಬಹುದು. ಪಕ್ಕದವನ ಧ್ವನಿಗೆ ನಿನ್ನ ಧ್ವನಿ ಸೇರಿಸು ಎಂದಾಗ ದೇಹವೇ ಮೊದಲು ಒಪ್ಪಿಬಿಡುತ್ತದೆ. ನಮ್ಮ ಸಭೆಗಳು ಜಾತಿಯನ್ನು ಪೂರ್ತಿ ಗೆದ್ದವೆಂದು ನಾನು ಹೇಳಲಾರೆ. ಗೆದ್ದಷ್ಟರಲ್ಲಿ ಹಾಡಿನ ಪಾಲು ದೊಡ್ಡದೆಂದು ಮಾತ್ರ ನಂಬಿದ್ದೇನೆ.

ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ದೇಶ ಬಿಡಬೇಕಾಯಿತು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆ ಕಷ್ಟದ ವರ್ಷಗಳಲ್ಲಿ ಆರಾಧನೆ ನಿಲ್ಲಲಿಲ್ಲ. ಊರಿನ ಸಭಾಪಾಲಕರು, ಉಪದೇಶಕರು, ಶಾಲೆಯ ಮಾಸ್ತರರು ಹಾಡು ಎತ್ತಿಕೊಟ್ಟರು, ಸಭೆ ಹಿಡಿದುಕೊಂಡಿತು. ಹೊರಗಿನಿಂದ ಬಂದ ಹಾಡು ಪೂರ್ತಿಯಾಗಿ ನಮ್ಮದಾದದ್ದು ಆಗ.

ಈ ನೆಲದ ಸಭಾಪಾಲಕರು ಮೋಗ್ಲಿಂಗ್–ಕಿಟೆಲ್‌ರ ದಾರಿಯನ್ನೂ ಮುಂದುವರಿಸಿದರು. ಉತ್ತರ ಕರ್ನಾಟಕದಲ್ಲಿ ಸೇವೆ ಸಲ್ಲಿಸಿದ ರೆವರೆಂಡ್ ಚೆನ್ನಪ್ಪ ಉತ್ತಂಗಿಯವರು ಊರೂರು ಅಲೆದು, ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿ ಗೌರವಿಸಿತು.

ನಾಲ್ಕು ಧ್ವನಿ, ಒಂದು ಹಾಡು

ಬಾಸೆಲ್ ಪರಂಪರೆಯ ಸಭೆಗಳಲ್ಲಿ ಕ್ವಾಯರ್ ಎಂದರೆ ನಾಲ್ಕು ಧ್ವನಿಯ ಹಾಡುಗಾರಿಕೆ. ಹೆಂಗಸರದು ಸೊಪ್ರಾನೊ, ಆಲ್ಟೊ. ಗಂಡಸರದು ಟೆನರ್, ಬಾಸ್. ಅಭ್ಯಾಸಕ್ಕೆ ಕುಳಿತಾಗ ಕ್ವಾಯರ್ ಮಾಸ್ಟರ್ ಹಾರ್ಮೋನಿಯಂ ಅಥವಾ ಕೀಬೋರ್ಡಿನಲ್ಲಿ ಒಂದೊಂದು ಧ್ವನಿಯ ಸಾಲನ್ನೂ ಬೇರೆ ಬೇರೆಯಾಗಿ ನುಡಿಸಿ ಕಲಿಸುತ್ತಾರೆ. ಸೊಪ್ರಾನೊದವರಿಗೆ ಹಾಡಿನ ಧಾಟಿಯೇ ಸಿಕ್ಕುವುದರಿಂದ ಬೇಗ ಬರುತ್ತದೆ. ಆಲ್ಟೊದವರು ಎರಡು ಮೂರು ಸ್ವರಗಳ ನಡುವೆಯೇ ಓಡಾಡಬೇಕು; ಪಕ್ಕದ ಧಾಟಿ ಎಳೆಯುತ್ತಲೇ ಇರುತ್ತದೆ. ಬಾಸ್‌ನವರು ಹಾಡುವ ಸಾಲನ್ನು ಬಿಡಿಯಾಗಿ ಕೇಳಿದರೆ ಅದು ಯಾವ ಹಾಡೆಂದೇ ತಿಳಿಯುವುದಿಲ್ಲ. ಆಮೇಲೆ ಮಾಸ್ಟರ್ ಕೈ ಎತ್ತಿ ನಾಲ್ಕನ್ನೂ ಕೂಡಿಸುತ್ತಾರೆ. ಒಂದು ಗಂಟೆಯಿಂದ ಒಂಟಿಯಾಗಿ ತಡಕಾಡುತ್ತಿದ್ದ ಆ ಬಾಸ್ ಸಾಲು ಇಡೀ ಹಾಡನ್ನು ಹೊತ್ತು ನಿಲ್ಲುತ್ತದೆ. ಕ್ವಾಯರಿನಲ್ಲಿ ಒಮ್ಮೆಯಾದರೂ ನಿಂತವರಿಗೆ ಆ ಗಳಿಗೆಯ ರೋಮಾಂಚನ ಗೊತ್ತು.

ಇಲ್ಲಿ ಒಂದು ಆತ್ಮಿಕ ಶಿಸ್ತಿದೆ. ನಾಲ್ಕು ಧ್ವನಿಯಲ್ಲಿ ಹಾಡುವವರು ತಮ್ಮ ಸ್ವರವನ್ನು ಬಿಡಬಾರದು, ಪಕ್ಕದವರ ಸ್ವರವನ್ನು ಮುಚ್ಚಲೂಬಾರದು. ಹಾಡುತ್ತಲೇ ಕೇಳಬೇಕು. ಜೋರು ಧ್ವನಿಯವರು ತಗ್ಗಬೇಕು, ಸಂಕೋಚದವರು ಧೈರ್ಯ ಮಾಡಬೇಕು. ಒಂದೇ ದೇಹದ ಅಂಗಗಳು ಅನೇಕ ಎಂದು ಪೌಲನು ಕೊರಿಂಥದವರಿಗೆ ಬೋಧಿಸಿದ್ದನ್ನು ಕ್ವಾಯರ್ ಪ್ರತಿ ವಾರ ಅಭ್ಯಾಸ ಮಾಡುತ್ತದೆ.

ಇದರ ಜೊತೆಜೊತೆಗೆ ತಬಲಾ, ತಾಳಗಳೊಂದಿಗೆ ಹಾಡುವ ಕ್ರೈಸ್ತ ಭಜನೆ, ಕೀರ್ತನೆಗಳೂ ಬೆಳೆದವು. ತಂಜಾವೂರಿನ ವೇದನಾಯಕ ಶಾಸ್ತ್ರಿಗಳು (1774–1864) ಕರ್ನಾಟಕ ಸಂಗೀತದ ರಾಗ ತಾಳಗಳಲ್ಲಿ ತಮಿಳು ಕ್ರೈಸ್ತ ಕೀರ್ತನೆಗಳನ್ನು ಕಟ್ಟಿ, ದಕ್ಷಿಣದ ಸಭೆಗಳಿಗೆ ಈ ದಾರಿಯನ್ನು ಬಹಳ ಹಿಂದೆಯೇ ತೋರಿಸಿದ್ದರು. ಕೆಲವರಿಗೆ ಭಜನೆ ಆಲಯಕ್ಕೆ ಹೊಂದದ್ದೆನಿಸಿತು, ಕೆಲವರಿಗೆ ನಾಲ್ಕು ಧ್ವನಿಯ ಕೋರಲ್ ಪರದೇಶದ್ದೆನಿಸಿತು. ಕಾಲಕ್ರಮದಲ್ಲಿ ಸಭೆ ಎರಡನ್ನೂ ಇಟ್ಟುಕೊಂಡಿತು. ಒಂದೇ ಆರಾಧನೆಯಲ್ಲಿ ಸ್ತುತಿಗೀತೆಗೆ ಎದ್ದು ನಿಂತು ನಾಲ್ಕು ಧ್ವನಿಯಲ್ಲಿ ಹಾಡಿ, ಕಾಣಿಕೆಯ ಹೊತ್ತಿಗೆ ಕೈತಾಳ ಹಾಕಿ ಭಜನೆ ಹಾಡುವ ಸಭೆಗಳು ಇಂದು ಎಷ್ಟೋ ಇವೆ.

ಗೋಡೆಗಳಾಚೆ

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಉದಯವಾಯಿತು. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಒಂದಾದವು. ಬಾಸೆಲ್ ಮಿಷನ್ನಿನ ಹಲವು ಸಭೆಗಳೂ ಈ ಐಕ್ಯದಲ್ಲಿ ಸೇರಿದವು. ಕರಾವಳಿಯವರ ಜರ್ಮನ್ ರಾಗ, ಮೈಸೂರು ಸೀಮೆಯ ವೆಸ್ಲಿಯನ್ನರ ಇಂಗ್ಲಿಷ್ ರಾಗ, ಬಳ್ಳಾರಿ–ಬೆಂಗಳೂರುಗಳ ಲಂಡನ್ ಮಿಷನ್ನಿನವರ ಗೀತೆಗಳು ಒಂದೇ ಆರಾಧನೆಗೆ ಬಂದವು. ಸಿದ್ಧಾಂತದ ಮಾತುಕತೆಗೆ ದಶಕಗಳೇ ಹಿಡಿದಿದ್ದವು. ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಲು ಅಷ್ಟು ಕಾಲ ಬೇಕಾಗಲಿಲ್ಲ.

ನೆರೆಯ ಕಥೋಲಿಕ ಸಭೆಯಲ್ಲೂ ದೊಡ್ಡ ತಿರುವು ಬಂತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ವಿಧಿಯ ಶಾಸನ, ಲ್ಯಾಟಿನ್ ಜೊತೆಗೆ ಜನಭಾಷೆಗೆ ಎಡೆಕೊಟ್ಟು, ಆಯಾ ನಾಡಿನ ಸಂಗೀತಕ್ಕೆ ತಕ್ಕ ಗೌರವ ಸಲ್ಲಬೇಕೆಂದಿತು. ಕನ್ನಡ, ಕೊಂಕಣಿ ಗೀತೆಗಳು ಬಲಿಪೂಜೆಯ ನಡುವೆ ಸಹಜವಾಗಿ ಕೇಳಿಬರತೊಡಗಿದವು. ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ಮದುವೆಯ ಮುಂಚಿನ ರೋಸ್ ದಿನ ಹೆಂಗಸರು ವೋವಿ ಹಾಡುವುದು, ಗುಮಟೆ ನುಡಿಸುವುದು ಅದಕ್ಕಿಂತ ಬಹು ಹಿಂದಿನಿಂದ ಬಂದ ಪದ್ಧತಿ. ಇಂದು ಕ್ರಿಸ್ಮಸ್ ಹೊತ್ತಿಗೆ ಬೇರೆ ಬೇರೆ ಸಭೆಗಳ ಕ್ವಾಯರ್‌ಗಳು ಒಂದೇ ವೇದಿಕೆಯಲ್ಲಿ ಹಾಡುವಾಗ ಈ ಎಲ್ಲ ಹೊಳೆಗಳೂ ಕೂಡುತ್ತವೆ.

ಕ್ರಿಸ್ಮಸ್ ಕ್ಯಾರಲ್ಸ್‌ಗೆ ಮನೆಮನೆಗೆ ಹೋಗುವುದು ಮಕ್ಕಳಿಗೆ ಇಡೀ ವರ್ಷದ ನಿರೀಕ್ಷೆ. ಹಿಂದೆ ಗ್ಯಾಸ್‌ಲೈಟ್ ಹಿಡಿದು ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆಯುತ್ತಿದ್ದರು, ಈಗ ವ್ಯಾನು, ಸ್ಪೀಕರು ಬಂದಿವೆ. ಅಂಗಳದಲ್ಲಿ ನಿಂತು ಹಾಡಿ, ಪ್ರಾರ್ಥಿಸಿ, ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆಯಿಂದ ಒಂದು ಚಕ್ಕುಲಿ ಎತ್ತಿಕೊಂಡು ಮುಂದಿನ ಮನೆಗೆ. ಹಿಂದೂ, ಮುಸ್ಲಿಂ ನೆರೆಯವರೂ ಗೇಟಿನ ಬಳಿ ಬಂದು ನಿಲ್ಲುತ್ತಾರೆ. ಅವರ ಮಕ್ಕಳೂ ಪಲ್ಲವಿಗೆ ಧ್ವನಿಗೂಡಿಸುತ್ತಾರೆ.

ಹಾಡಿನ ಸಂತೋಷವೆಂದರೆ ಹಬ್ಬದ ಸಂತೋಷ ಮಾತ್ರವಲ್ಲ. ಸಾವು ನಡೆದ ಮನೆಯಲ್ಲಿ ಸಭೆ ಕೂಡಿ ಹಾಡುವುದು ನಮ್ಮ ಹಳೆಯ ಪದ್ಧತಿ. ಏನು ಹೇಳಿ ಸಮಾಧಾನ ಮಾಡುವುದೆಂದು ಯಾರಿಗೂ ತೋಚದ ಹೊತ್ತಿನಲ್ಲಿ ಹಿರಿಯರೊಬ್ಬರು ಮೆಲ್ಲನೆ ಒಂದು ಗೀತೆ ಎತ್ತುತ್ತಾರೆ. ಅಳುತ್ತಿದ್ದ ಮಗಳು ಮೊದಲ ಚರಣಕ್ಕೆ ಸುಮ್ಮನಿರುತ್ತಾಳೆ, ಮೂರನೆಯದಕ್ಕೆ ತುಟಿ ಅಲ್ಲಾಡಿಸುತ್ತಾಳೆ. ಅವಳಿಗೆ ಹಾಡಲಾಗದ ಸಾಲುಗಳನ್ನು ಉಳಿದವರು ಅವಳಿಗಾಗಿ ಹಾಡುತ್ತಾರೆ. ಪುನರುತ್ಥಾನದ ನಿರೀಕ್ಷೆಯನ್ನು ಸಭೆ ಹಂಚಿಕೊಳ್ಳುವುದು ಹೀಗೆ.

ನಮ್ಮ ಮುಂದಿರುವ ಕೆಲಸ

ಇಷ್ಟು ದೊಡ್ಡ ಬಳುವಳಿಯನ್ನು ಪಡೆದ ನಮ್ಮ ತಲೆಮಾರಿಗೆ ಹೊಣೆಯೂ ಇದೆ. ಹಳೆಯ ಪ್ರತಿಗಳನ್ನು, ದಾಖಲೆಗಳನ್ನು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರ ಕಾಪಾಡಿಕೊಂಡು ಬಂದಿದೆ. ಆದರೆ ಊರೂರಿನ ಸಭೆಗಳಲ್ಲಿ ಅಜ್ಜಿಯರು ಹಾಡುವ ಧಾಟಿಗಳು ಪತ್ರಾಗಾರದಲ್ಲಿ ಸಿಗುವುದಿಲ್ಲ. ತುಳು ಗೀತೆಗಳ ಹಳೆಯ ರೀತಿಗಳನ್ನು ಹಾಡಬಲ್ಲವರು ಇರುವಾಗಲೇ ಧ್ವನಿಮುದ್ರಿಸಿಕೊಳ್ಳಬೇಕು. ಇದಕ್ಕೆ ಸ್ಟುಡಿಯೋ ಬೇಡ, ಯೌವನಸ್ಥರ ಸಂಘದ ಹುಡುಗರ ಕೈಯಲ್ಲಿರುವ ಮೊಬೈಲ್ ಸಾಕು. ಗೀತೆ ಬರೆದವರ, ಅನುವಾದಿಸಿದವರ ಹೆಸರು ಹೊಸ ಮುದ್ರಣಗಳಲ್ಲಿ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು. ಸಂಡೇ ಸ್ಕೂಲಿನಲ್ಲಿ ಸ್ವರಲಿಪಿ ಕಲಿಸಬೇಕು. ಪರದೆಯ ಮೇಲೆ ಬರೀ ಸಾಹಿತ್ಯ ನೋಡಿ ಹಾಡುತ್ತಾ ಬೆಳೆದ ಮಕ್ಕಳಿಗೆ ಆಲ್ಟೊ, ಟೆನರ್ ಸಾಲುಗಳ ಪರಿಚಯವೇ ಆಗುವುದಿಲ್ಲ. ಅವರ ಗಿಟಾರು, ಡ್ರಮ್ಮುಗಳಿಗೂ ಆರಾಧನೆಯಲ್ಲಿ ಜಾಗ ಕೊಡಬೇಕು, ಏಕೆಂದರೆ ಭಜನೆಗೂ ಒಂದು ಕಾಲದಲ್ಲಿ ಹೀಗೇ ಜಾಗ ಕೊಡಬೇಕಾಗಿ ಬಂದಿತ್ತು.

ಎಲ್ಲಕ್ಕಿಂತ ಮುಖ್ಯವಾಗಿ, ವೇದಿಕೆಯ ಮೇಲಿನವರು ಹಾಡಿ ಕೆಳಗಿನವರು ಕೇಳುವುದಕ್ಕೆ ಆರಾಧನೆ ಇಳಿಯಬಾರದು. ಲೂಥರ್ ಜನರ ಬಾಯಿಗೆ ಮರಳಿಸಿದ್ದನ್ನು, ಮಿಷನರಿಗಳು ಹಡಗಿನಲ್ಲಿ ಹೊತ್ತು ತಂದದ್ದನ್ನು, ನಮ್ಮ ಹಿರಿಯರು ಯುದ್ಧಕಾಲದಲ್ಲೂ ಕೈಬಿಡದೆ ಹಿಡಿದದ್ದನ್ನು ನಾವು ಮೈಕಿನ ಮುಂದಿರುವ ನಾಲ್ಕೈದು ಮಂದಿಗೆ ಒಪ್ಪಿಸಿ ಕೂರುವುದು ಸಲ್ಲದು. ಅಪಸ್ವರದ ಭಯವಿಲ್ಲದೆ ಎಲ್ಲರೂ ಹಾಡಲಿ. ಹೊಸದಾಗಿ ಬಂದವರ ಕೈಗೆ ಪುಸ್ತಕ ಕೊಟ್ಟು, ಪುಟ ತೆಗೆದು ತೋರಿಸಿ, ಪಕ್ಕದಲ್ಲಿ ನಿಂತು ಹಾಡೋಣ. ಈ ಪರಂಪರೆ ನಮ್ಮವರೆಗೆ ಬಂದದ್ದು ಹಾಗೆಯೇ, ಮುಂದಕ್ಕೆ ಹೋಗುವುದೂ ಹಾಗೆಯೇ.